ಬ್ಲೂಯಿ ಟ್ರಸ್ಕಾಟ್ ದಾಖಲೆಯಲ್ಲಿ 1941 ಎಲ್ಲಿ ಹೋಯಿತು?

ಪ್ರಶ್ನೆ: ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ ಕೀತ್ 'ಬ್ಲೂಯಿ' ಟ್ರಸ್ಕಾಟ್ ಮೆಲ್ಬರ್ನ್ ತಂಡಕ್ಕೆ ಆಡಿದ್ದು '1937–40, 1942' ಎಂದಿದೆ. ನಡುವೆ ಗಾಯವಾಗಿತ್ತೇ, ತಂಡದಿಂದ ಕೈಬಿಟ್ಟಿದ್ದರೇ?

ಎರಡೂ ಅಲ್ಲ. 1941ರಲ್ಲಿ ಅವರು ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸುತ್ತಿದ್ದರು.

ಟ್ರಸ್ಕಾಟ್ ಹುಟ್ಟಿದ್ದು 1916ರಲ್ಲಿ. ಕೂದಲು ಕೆಂಪಗಿದ್ದವರನ್ನು 'ಬ್ಲೂಯಿ' ಅನ್ನುವುದು ಅಲ್ಲಿನ ರೂಢಿ. 1939ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿ ಅವರಿದ್ದರು. 1940ರ ಜುಲೈನಲ್ಲಿ ವಾಯುಪಡೆ ಸೇರಿದ ಮೇಲೂ ತರಬೇತಿಯ ನಡುವೆ ರಜೆ ಪಡೆದು ಸೆಪ್ಟೆಂಬರ್ 28ರ ಗ್ರ್ಯಾಂಡ್ ಫೈನಲ್ ಆಡಿದರು. ಮೆಲ್ಬರ್ನ್ 15.17 (107), ರಿಚ್ಮಂಡ್ 10.8 (68). ಹೊಸಬರು ಇದನ್ನು ದಶಮಾಂಶವೆಂದು ಓದಿ ಎಡವುತ್ತಾರೆ. ಚುಕ್ಕೆಯ ಎಡಕ್ಕಿರುವುದು ಗೋಲು, ತಲಾ 6 ಅಂಕ. ಬಲಕ್ಕಿರುವುದು 'ಬಿಹೈಂಡ್' (ಗೋಲಿಗೆ ಸ್ವಲ್ಪ ಪಕ್ಕಕ್ಕೆ ಹೋದದ್ದು), ತಲಾ 1 ಅಂಕ. 15 ಗೋಲಿಗೆ 90, ಅದಕ್ಕೆ 17 ಸೇರಿ 107. ಗೆಲುವಿನ ಅಂತರ 39.

ಆಮೇಲೆ ಕೆನಡಾದಲ್ಲಿ ತರಬೇತಿ, ಅಲ್ಲಿಂದ ಇಂಗ್ಲೆಂಡಿನಲ್ಲಿದ್ದ ಆಸ್ಟ್ರೇಲಿಯಾದ 452ನೇ ಸ್ಕ್ವಾಡ್ರನ್. ಮೆಲ್ಬರ್ನ್ 1941ರಲ್ಲಿ ಸತತ ಮೂರನೇ ಸಲ ಗೆದ್ದಾಗ ಅವರು ಅಲ್ಲಿರಲಿಲ್ಲ. ಊರಿಗೆ ಮರಳಿದ ಮೇಲೆ 1942ರ ಮೇ ತಿಂಗಳಲ್ಲಿ ರಿಚ್ಮಂಡ್ ವಿರುದ್ಧ ಒಂದೇ ಒಂದು ಪಂದ್ಯ ಆಡಿದರು. ದಾಖಲೆಯ '1942' ಎಂದರೆ ಇಷ್ಟೇ, ಇಡೀ ಋತುವಲ್ಲ. ಪಂದ್ಯ ನಡೆದದ್ದೂ ಪಂಟ್ ರೋಡ್ ಮೈದಾನದಲ್ಲಿ. ಮೆಲ್ಬರ್ನ್ ತಂಡದ ತವರು ಮೈದಾನ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಆಗ ಅಮೆರಿಕದ ಸೇನೆಯ ವಶದಲ್ಲಿತ್ತು. ಕೆಲವೇ ತಿಂಗಳಲ್ಲಿ ಅವರು ಪಾಪುವಾದ ಮಿಲ್ನ್ ಬೇ ಕದನದಲ್ಲಿ 76ನೇ ಸ್ಕ್ವಾಡ್ರನ್ನಿನ ಮುಂದಾಳು. 1943ರ ಮಾರ್ಚ್ 28ರಂದು ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯ ಮೇಲೆ, ಕೆಳಗಿಳಿಯುತ್ತಿದ್ದ ಕ್ಯಾಟಲೀನಾ ವಿಮಾನದ ಮೇಲೆ ಅಣಕು ದಾಳಿಯ ಅಭ್ಯಾಸ ಮಾಡುವಾಗ ಅವರ ಕಿಟ್ಟಿಹಾಕ್ ಯುದ್ಧವಿಮಾನ ನೀರಿಗೆ ಬಡಿದು ಅವರು ಸತ್ತರು. ವಯಸ್ಸು 26. ಮೆಲ್ಬರ್ನ್ ಕ್ಲಬ್ ತನ್ನ ವರ್ಷದ ಅತ್ಯುತ್ತಮ ಆಟಗಾರನಿಗೆ ಇಂದಿಗೂ ಅವರ ಹೆಸರಿನ ಟ್ರೋಫಿ ಕೊಡುತ್ತದೆ.

ಆ ಕಾಲದ ಬೇರೆಯವರ ದಾಖಲೆ ನೋಡುವಾಗಲೂ ಒಂದೆರಡು ವಿಷಯ ನೆನಪಿರಲಿ. 1942ರಿಂದ 1945ರವರೆಗೆ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಿಗುವ ಬ್ರೌನ್‌ಲೋ ಪದಕವನ್ನೇ ಕೊಡಲಿಲ್ಲ. ಆ ವರ್ಷಗಳಲ್ಲಿ ಉತ್ತುಂಗದಲ್ಲಿದ್ದವರಿಗೆ ಪದಕವಿಲ್ಲವೆಂದು ಅವರನ್ನು ಕಡಿಮೆ ಎಣಿಸುವುದು ಅನ್ಯಾಯ. ಜೀಲಾಂಗ್ ಕ್ಲಬ್ಬಿನ ಆಟಗಾರನ ದಾಖಲೆಯಲ್ಲಿ 1942–43 ಖಾಲಿಯಿದ್ದರೆ ಸೇನೆಗೆ ಹೋದನೆಂದು ತಕ್ಷಣ ತೀರ್ಮಾನಿಸಬೇಡಿ. ಪ್ರಯಾಣ ನಿರ್ಬಂಧದಿಂದ ಆ ಕ್ಲಬ್ಬೇ ಎರಡು ವರ್ಷ ಲೀಗ್‌ನಿಂದ ಹೊರಗಿತ್ತು. ಸೇನಾ ತಂಡಗಳಿಗೆ ಆಡಿದ ಪಂದ್ಯಗಳು ಲೀಗ್ ಲೆಕ್ಕಕ್ಕೆ ಸೇರುವುದಿಲ್ಲ.

ದಾಖಲೆ 1940ಕ್ಕೇ ನಿಂತಿದ್ದರೆ ಫಾರ್ಮ್ ಬಗ್ಗೆ ಊಹಿಸುವ ಮೊದಲು ಆಸ್ಟ್ರೇಲಿಯಾದ ಯುದ್ಧ ಸ್ಮಾರಕದ ಹುತಾತ್ಮರ ಪಟ್ಟಿಯಲ್ಲಿ ಹೆಸರು ಹುಡುಕಿ. 1940ರ ಆ ಗೆದ್ದ ತಂಡದಿಂದಲೇ ಟ್ರಸ್ಕಾಟ್ ಜೊತೆ ರಾನ್ ಬರಾಸಿ, ಹೆರಾಲ್ಡ್ ಬಾಲ್, ಸಿಡ್ ಆ್ಯಂಡರ್ಸನ್ ಅದರಲ್ಲಿದ್ದಾರೆ.