ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಟ್ಯಾಂಕ್ ನೋಡಿ

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಬಂಡೀಪುರ, ನಾಗರಹೊಳೆಯಂತಹ ಕಾಡುಗಳಲ್ಲಿ ಬೆಂಕಿ ರೇಖೆಯ (ಕಾಳ್ಗಿಚ್ಚು ಹರಡದಂತೆ ಬೋಳಾಗಿಡುವ ಪಟ್ಟಿಯ) ಮೇಲಿನ ತರಗೆಲೆ ತೆಗೆಯಲು ಪೆಟ್ರೋಲ್ ಲೀಫ್ ಬ್ಲೋವರ್‌ಗಳು ಹೊರಬರುತ್ತವೆ. ಸಣ್ಣ ಎಂಜಿನ್ ರಿಪೇರಿ ಮಾಡುವ ನಮ್ಮಂಥವರ ಬಳಿಗೆ ಸ್ಟಾರ್ಟ್ ಆಗದ ಬ್ಲೋವರ್‌ಗಳು ಬರುವುದೂ ಅದೇ ಹೊತ್ತಿಗೆ. ಮಳೆಗಾಲವೆಲ್ಲ ಮೂಲೆಯಲ್ಲಿದ್ದ ಯಂತ್ರವನ್ನು ತಂದವರು ಸಾಮಾನ್ಯವಾಗಿ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬದಲಿಸಿಕೊಡಿ ಎಂದೇ ಕೇಳುತ್ತಾರೆ. ಆದರೆ ಇಂತಹ ಯಂತ್ರಗಳಲ್ಲಿ ದೋಷವು ಬಹುಪಾಲು ಕಾರ್ಬ್ಯುರೇಟರಿಗಿಂತ ಹಿಂದೆ, ಟ್ಯಾಂಕಿನಲ್ಲಿ ಅಥವಾ ಪೈಪಿನಲ್ಲಿ ಇರುವುದನ್ನು ನಾನು ಕಂಡಿದ್ದೇನೆ.

ಚೋಕ್ ಹಾಕಿ ಕೆಲವು ಬಾರಿ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ತಲುಪುತ್ತಿದೆ, ಕಿಡಿಯನ್ನು ಪರೀಕ್ಷಿಸಬೇಕು. ಒಣಗಿದ್ದರೆ ಪೆಟ್ರೋಲ್ ಬರುವ ದಾರಿಯನ್ನು ಟ್ಯಾಂಕಿನಿಂದಲೇ ಹುಡುಕುತ್ತ ಬರಬೇಕು.

ಟ್ಯಾಂಕಿನಲ್ಲಿರುವುದನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಇಂದು ಬಂಕ್‌ಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದ ತೇವದಿಂದಲೋ, ಸರಿಯಾಗಿ ಮುಚ್ಚದ ಕ್ಯಾನಿಗೆ ಬಿದ್ದ ಹನಿಗಳಿಂದಲೋ ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಕಾರಣ ಸಿಕ್ಕಿತೆಂದೇ ತಿಳಿಯಬೇಕು. ಇದರಲ್ಲಿ ಸ್ಟಾರ್ಟ್ ಆಗದಿರುವುದಕ್ಕಿಂತ ದೊಡ್ಡ ಅಪಾಯವಿದೆ: ನಾವು ಬೆರೆಸುವ ಟು-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ, ಆದರೆ ಪೆಟ್ರೋಲ್ ಎಳೆಯುವ ಪೈಪಿನ ತುದಿಯ ಫಿಲ್ಟರ್ ಬಿದ್ದಿರುವುದು ಟ್ಯಾಂಕಿನ ತಳದಲ್ಲಿ. ಹೀಗಾಗಿ ಹೇಗೋ ಎಂಜಿನ್ ಹೊತ್ತಿಕೊಂಡರೂ ಅದು ಎಳೆದುಕೊಳ್ಳುವುದು ಆಯಿಲ್ ಇಲ್ಲದ ದ್ರವವನ್ನು, ಪಿಸ್ಟನ್ ಸೀಜ್ ಆಗಲು (ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲಲು) ಹೆಚ್ಚು ಹೊತ್ತು ಬೇಕಿಲ್ಲ. ಅಂತಹ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಬಳಸಬಾರದು. ಪದರ ಕಾಣದಿದ್ದರೂ ವಾರ್ನಿಶ್‌ನಂತಹ ಹುಳಿವಾಸನೆ ಬಂದರೆ ಅದೂ ಹಳಸಿದ ಪೆಟ್ರೋಲೇ.

ಎರಡನೆಯ ದೋಷದ ಲಕ್ಷಣ ಬೇರೆ. ಯಂತ್ರ ಚೆನ್ನಾಗಿಯೇ ಸ್ಟಾರ್ಟ್ ಆಗಿ ಐದು-ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಎಂಜಿನ್ ತಣ್ಣಗಾದ ಮೇಲೆ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿ, ಬಳಿಕ ಯಂತ್ರ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ವಾಲ್ವ್ ಕಟ್ಟಿದೆ ಎಂದರ್ಥ. ತಾನೇ ಎಬ್ಬಿಸುವ ಧೂಳಿನಲ್ಲಿ ದಿನವಿಡೀ ದುಡಿಯುವ ಯಂತ್ರಕ್ಕೆ ಇದು ಸಹಜವಾದ ತೊಂದರೆ. ವಾಲ್ವ್ ಶುಚಿಗೊಳಿಸಿದರೆ ಅಥವಾ ಬದಲಿಸಿದರೆ ಸಾಕು.

ಬಳಿಕ ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಬೆರಳಿನಿಂದ ಒತ್ತುವ ಮೆತ್ತನೆಯ ಗುಂಡಿ) ಒತ್ತಿ ನೋಡಿ. ಒತ್ತಿದ ಬಲ್ಬ್ ಮತ್ತೆ ಉಬ್ಬದಿದ್ದರೆ ಫಿಲ್ಟರ್ ಅಥವಾ ಪೈಪ್ ಕಟ್ಟಿರಬೇಕು. ಉಬ್ಬಿದರೂ ಗುಳ್ಳೆಗಳು ನಿಲ್ಲದಿದ್ದರೆ ಪೈಪ್ ಎಲ್ಲೋ ಸೀಳಿದೆ. ಈ ಸೀಳು ಹೆಚ್ಚಾಗಿ ಪೈಪ್ ಟ್ಯಾಂಕಿನೊಳಗೆ ಹೋಗುವ ರಂಧ್ರದ ಬಳಿಯೇ ಇರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಬಲ್ಬ್ ತುಂಬಿತೆಂದ ಮಾತ್ರಕ್ಕೆ ಕಾರ್ಬ್ಯುರೇಟರ್ ಸರಿಯಿದೆ ಎಂದೂ ಭಾವಿಸಬಾರದು, ಏಕೆಂದರೆ ಹೆಚ್ಚಿನ ಕೈಯಂತ್ರಗಳಲ್ಲಿ ಆ ಬಲ್ಬ್ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವುದಿಲ್ಲ. ಕಾರ್ಬ್ಯುರೇಟರಿನ ಮೂಲಕ ಎಳೆದು ಮತ್ತೆ ಟ್ಯಾಂಕಿಗೇ ಬಿಡುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾರ್ಬ್ಯುರೇಟರ್ ಬಿಚ್ಚಬೇಕು. ಒಳಗಿನ ಡಯಾಫ್ರಂ, ಅಂದರೆ ತೆಳು ಪೊರೆ, ಮೆತ್ತಗಿರಬೇಕು. ಬಿರುಸಾಗಿದ್ದರೆ ಅದು ಪೆಟ್ರೋಲ್ ಒಳಬಿಡುವ ಸೂಜಿ ವಾಲ್ವನ್ನು ಬೇಕಾದಷ್ಟು ತೆರೆಯಲಾರದು. ಡಯಾಫ್ರಂ ಮತ್ತು ಗ್ಯಾಸ್ಕೆಟ್‌ಗಳ ಕಿಟ್ ಹಾಕಿದರೆ ಎಷ್ಟೋ ಕಾರ್ಬ್ಯುರೇಟರ್‌ಗಳು ಮತ್ತೆ ದುಡಿಯುತ್ತವೆ. ಕ್ಲೀನರ್ ಸ್ಪ್ರೇ ಹೊಡೆಯುವ ಮುನ್ನ ರಬ್ಬರ್ ಭಾಗಗಳನ್ನು ತೆಗೆದಿಡಬೇಕು, ಜೆಟ್‌ನ ರಂಧ್ರಕ್ಕೆ ತಂತಿ ತೂರಿಸಬಾರದು.

ಎಲ್ಲರ ಕೈ ಹೋಗುವುದು ಕಾರ್ಬ್ಯುರೇಟರಿನ ಎಚ್ (ಪೂರ್ಣ ವೇಗದ ಪೆಟ್ರೋಲ್ ಹೊಂದಿಸುವ) ಮತ್ತು ಎಲ್ (ಕಡಿಮೆ ವೇಗದ) ಸ್ಕ್ರೂಗಳ ಕಡೆಗೆ. ದಯವಿಟ್ಟು ಅವುಗಳನ್ನು ಮೊದಲು ಮುಟ್ಟಬೇಡಿ. ಎಚ್ ಸ್ಕ್ರೂ ಬಿಗಿ ಮಾಡಿದಾಗ ಎಂಜಿನ್ನಿನ ಸದ್ದು ಏರಿ ಬಲ ಹೆಚ್ಚಿದಂತೆ ಅನ್ನಿಸುತ್ತದೆ, ಆದರೆ ನಿಜಕ್ಕೂ ಪೆಟ್ರೋಲ್ ಕಡಿಮೆಯಾಗಿ, ಅದರ ಜೊತೆ ಬರುವ ಆಯಿಲ್ ಕೂಡ ಕಡಿಮೆಯಾಗುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊಂದಿರುವುದರಿಂದ ಶೇ 20ರ ಪೆಟ್ರೋಲ್ ಮಿಶ್ರಣವನ್ನು ಮೊದಲೇ ತೆಳುವಾಗಿಸಿರುತ್ತದೆ, ಅಂದರೆ ಗಾಳಿಯ ಪಾಲಿಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಕೈಯಿಂದ ಹೊಂದಿಸುವ ಕಾರ್ಬ್ಯುರೇಟರ್‌ಗಳಿಗೆ ಹಲವು ಕೈಪಿಡಿಗಳು ಶೇ 10ರ ಮಿತಿ ಹೇಳುವುದೂ ಇದಕ್ಕಾಗಿಯೇ. ಸದಾ ಪೂರ್ಣ ವೇಗದಲ್ಲಿ ಓಡುವ ಬ್ಲೋವರ್ ಇಂತಹ ತೆಳು ಮಿಶ್ರಣವನ್ನು ತಡೆದುಕೊಳ್ಳುವುದಿಲ್ಲ. ಪೂರ್ಣ ವೇಗದಲ್ಲಿ ಬಲವೇ ಇಲ್ಲವೆನಿಸಿದರೆ ಸ್ಕ್ರೂಗಿಂತ ಮೊದಲು ಏರ್ ಫಿಲ್ಟರನ್ನೂ, ಸೈಲೆನ್ಸರಿನ ಕಿಡಿತಡೆ ಜಾಲರಿಗೆ ಕಟ್ಟಿದ ಮಸಿಯನ್ನೂ ನೋಡಿ.

ಆಯಿಲ್ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಕೈಪಿಡಿಯಲ್ಲಿ 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40. ಬೇಕಾದಷ್ಟನ್ನೇ ಬೆರೆಸಿ, ತಿಂಗಳೊಳಗೆ ಮುಗಿಸಿ. ಕೆಲಸದ ಋತು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ.

ಬೆಂಕಿ ರೇಖೆಯಲ್ಲಿ ಬ್ಲೋವರ್ ಹಿಡಿಯುವವರಿಗೆ ಇನ್ನೊಂದು ಮಾತು. ಒಣಹುಲ್ಲಿನ ನಡುವೆ ಬಿಸಿ ಎಂಜಿನ್ನಿಗೆ ಪೆಟ್ರೋಲ್ ತುಂಬಬೇಡಿ. ಬೋಳು ನೆಲಕ್ಕೆ ಬನ್ನಿ, ಎಂಜಿನ್ ತಣಿಯಲಿ, ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ.