ಓಪನ್ ಸೈಟೋ, ಪೀಪ್ ಸೈಟೋ, ಸ್ಕೋಪೋ? ಹೊಸದಾಗಿ ರೈಫಲ್ ಕಲಿಯುವವರಿಗೆ

ಶೂಟಿಂಗ್ ರೇಂಜಿಗೆ ಹೋದ ಮೊದಲ ವಾರವೇ ನನಗೆ ಸ್ಕೋಪ್, ಅಂದರೆ ಗುರಿಯನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನು, ಬೇಕೆನಿಸಿತ್ತು. ಓಪನ್ ಸೈಟಿನಲ್ಲಿ (ಗಾಜಿಲ್ಲದ, ಹಿಂದಿನ ಕಚ್ಚು ಮತ್ತು ಮುಂದಿನ ತುದಿಯನ್ನು ಸೇರಿಸಿ ಗುರಿ ಹಿಡಿಯುವ ಸೈಟು) ನೋಡಿದರೆ 10 ಮೀಟರ್ ಆಚೆಯ ಕಪ್ಪು ವೃತ್ತ ಮಸುಕು ಮಸುಕು. ಕಾಣದಿದ್ದರೆ ಹೊಡೆಯೋದು ಹೇಗೆ? ವೃತ್ತ ಮಸುಕಾಗಿಯೇ ಇರಬೇಕು ಅಂತ ತಿಳಿಯಲು ನನಗೆ ತುಂಬಾ ದಿನ ಹಿಡಿಯಿತು.

ಕಣ್ಣಿನ ಹತ್ತಿರದ ಬ್ಯಾಕ್‌ಸೈಟ್, ನಳಿಕೆಯ ತುದಿಯ ಫೋರ್‌ಸೈಟ್, ಟಾರ್ಗೆಟ್ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡಬಲ್ಲದು. ಫೋರ್‌ಸೈಟಿನ ತುದಿಯನ್ನೇ ನೋಡಿ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಸೈಟ್‌ಗಳ ನಡುವೆ 50 ಸೆಂ.ಮೀ. ಇದೆ ಅಂದುಕೊಳ್ಳಿ. ಬ್ಯಾಕ್‌ಸೈಟಿನ ಕಚ್ಚಿನಲ್ಲಿ ಫೋರ್‌ಸೈಟ್ ತುದಿ ಬರೀ 1 ಮಿ.ಮೀ. ಪಕ್ಕಕ್ಕೆ ಸರಿದರೂ 10 ಮೀಟರ್‌ನಲ್ಲಿ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) 20 ಮಿ.ಮೀ. ಆಚೆ ಬೀಳುತ್ತದೆ. ಏರ್ ರೈಫಲ್ ಟಾರ್ಗೆಟ್ಟಿನ ಕಪ್ಪು ಭಾಗದ ಅಗಲವೇ 30.5 ಮಿ.ಮೀ. ಅಂದರೆ ಪೆಲೆಟ್ ಕಪ್ಪಿನಿಂದ ಹೊರಗೆ! ಅದೇ ಎರಡೂ ಸೈಟ್ ಸರಿಯಾಗಿ ಸೇರಿದ್ದು, ಇಡೀ ರೈಫಲ್ ಓರೆಯಾಗದೆ 1 ಮಿ.ಮೀ. ಸರಿದರೆ ಪೆಲೆಟ್ಟೂ 1 ಮಿ.ಮೀ. ಮಾತ್ರ ಸರಿಯುತ್ತದೆ. ಎಷ್ಟು ವ್ಯತ್ಯಾಸ ಅಲ್ವಾ?

ಈ ಪಾಠ ಓಪನ್ ಸೈಟಿನಲ್ಲಿ ಮೈಗೆ ಹತ್ತುವಷ್ಟು ಬೇರೆಲ್ಲೂ ಹತ್ತುವುದಿಲ್ಲ. ಅದಕ್ಕೇ ಮೊದಲ ಕೆಲವು ತಿಂಗಳು ಅದರಲ್ಲೇ ಹೊಡೆಯಿರಿ ಅನ್ನುತ್ತೇನೆ.

ಆಮೇಲೆ ಪೀಪ್ ಸೈಟ್. ಹಿಂದೆ ಕಚ್ಚಿನ ಬದಲು ಪುಟ್ಟ ತೂತು ಇರುತ್ತದೆ. ಕಣ್ಣು ತಾನಾಗಿಯೇ ತೂತಿನ ನಡುವನ್ನು ಹುಡುಕಿಕೊಳ್ಳುತ್ತದೆ. ಸಣ್ಣ ತೂತಿನಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಚೂಪಾಗಿ ಕಾಣುತ್ತದೆ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಜಾಗವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್‌ನಲ್ಲಿ ಕಂಚು ಗೆದ್ದದ್ದು ಪೀಪ್ ಸೈಟಿನಲ್ಲೇ. 10 ಮೀಟರ್ ಟಾರ್ಗೆಟ್ಟಿನ ಹತ್ತನೇ ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅನ್ನೋದು ನೆನಪಿರಲಿ. ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಸ್ಕೋಪಿಗೆ ಸುಮ್ನೆ ದುಡ್ಡು ಹಾಕಬೇಡಿ.

ಸ್ಕೋಪ್ ಕೆಟ್ಟದ್ದು ಅಂತಲ್ಲ. ಗುರಿಯೂ ಸ್ಕೋಪಿನೊಳಗಿನ ಕ್ರಾಸ್‌ಹೇರ್ ಗೆರೆಯೂ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತವೆ. ನಲವತ್ತು ದಾಟಿ ಫೋರ್‌ಸೈಟ್ ಮಂಜಾಗುತ್ತಿರುವವರು ಅದರಲ್ಲೇ ಶುರು ಮಾಡಿದರೂ ತಪ್ಪಿಲ್ಲ. ಆದರೆ ಸ್ಕೋಪ್ ಗುರಿಯ ಜೊತೆಗೆ ಕೈನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಹೊಸಬರು ಗೆರೆ ನಿಲ್ಲಲಿ ಅಂತ ಕಾಯುತ್ತಾರೆ. ನಡುವಿಗೆ ಬಂದ ತಕ್ಷಣ ಟ್ರಿಗರ್ ಜಗ್ಗಿಬಿಡುತ್ತಾರೆ. ನಾನೂ ಜಗ್ಗಿದ್ದೇನೆ, ಆ ಚಟ ಬಿಡಿಸಿಕೊಳ್ಳೋದು ಕಷ್ಟ. ಇನ್ನೊಂದು ವಿಷಯ. ದೂರದ ಗುರಿಗೆ ಹೊಂದಿಸಿದ ಸ್ಕೋಪಿನಲ್ಲಿ 10 ಮೀಟರ್ ಮಸುಕಾಗಿ ಕಾಣುತ್ತದೆ. ತಲೆ ಸ್ವಲ್ಪ ಅಲುಗಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅಗ್ಗದ ಸ್ಕೋಪ್ ಬೇಗ ಹಾಳಾಗುತ್ತದೆ.

ರೇಂಜಿನಲ್ಲಿ ಒಂದು ಅಭ್ಯಾಸ ಮಾಡಿ ನೋಡಿ. ಟಾರ್ಗೆಟ್ ಹಾಳೆಯನ್ನು ತಿರುಗಿಸಿ, ಖಾಲಿ ಬಿಳಿ ಬದಿಗೆ ಐದು ಪೆಲೆಟ್ ಹೊಡೆಯಿರಿ. ನೋಡಲು ವೃತ್ತವೇ ಇಲ್ಲದಾಗ ಕಣ್ಣು ಫೋರ್‌ಸೈಟಿನ ಮೇಲೇ ನಿಲ್ಲುತ್ತದೆ. ಗ್ರೂಪ್, ಅಂದರೆ ಐದೂ ತೂತುಗಳ ಗುಂಪು, ಚಿಕ್ಕದಾಗುವ ತನಕ ಸೈಟಿನ ತಿರುಪು ಮುಟ್ಟಬೇಡಿ. ಚಿಕ್ಕದಾದ ಮೇಲೆ, ಪೆಲೆಟ್ ಯಾವ ಕಡೆ ಹೋಗಬೇಕೋ ಬ್ಯಾಕ್‌ಸೈಟನ್ನೂ ಅದೇ ಕಡೆ ಸರಿಸಿ.