ಕಾಣದ ಗ್ರಹ ಇದೆ ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ: 51 ಪೆಗಾಸಿ ನಕ್ಷತ್ರಕ್ಕೆ ದೊಡ್ಡ ಗ್ರಹವಿದೆಯಂತೆ. ಆದರೆ ಅದನ್ನು ಪತ್ತೆ ಮಾಡಿದವರು ಗ್ರಹವನ್ನು ನೋಡೇ ಇಲ್ಲವಂತೆ. ಮತ್ತೆ ಇದೆ ಎಂದು ಹೇಗೆ ಹೇಳಿದರು?

ಗ್ರಹ ಕಾಣಲಿಲ್ಲ, ನಿಜ. ಅದು ನಕ್ಷತ್ರಕ್ಕೆ ಏನು ಮಾಡುತ್ತಿದೆ ಎನ್ನುವುದು ಕಂಡಿತು.

51 ಪೆಗಾಸಿ ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದೇ ನಕ್ಷತ್ರ. ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಪ್ರಖರ ಬೆಳಕಿನಲ್ಲಿ ಪಕ್ಕದ ಗ್ರಹ ಮುಚ್ಚಿಹೋಗುತ್ತದೆ. ಆದರೆ ಎಳೆತ ಒಂದೇ ಕಡೆಯಿಂದ ಇರುವುದಿಲ್ಲ, ಅಲ್ವಾ? ಗ್ರಹವೂ ನಕ್ಷತ್ರವನ್ನು ಎಳೆಯುತ್ತದೆ. ಹಾಗಾಗಿ ನಕ್ಷತ್ರವೂ ಸ್ವಲ್ಪ ಆಚೀಚೆ ಓಲಾಡುತ್ತದೆ. 15 ಲಕ್ಷ ಕಿಲೋಮೀಟರಿಗಿಂತ ಜಾಸ್ತಿ ಅಗಲದ ಈ ನಕ್ಷತ್ರದಲ್ಲಿ ಕಂಡ ಓಲಾಟ ನಡುವಿನಿಂದ ಬರೀ ಮೂರು ಸಾವಿರ ಕಿಲೋಮೀಟರ್ ಆಸುಪಾಸು!

ಇಷ್ಟು ಸಣ್ಣ ಅಲುಗಾಟವನ್ನು ಹಿಡಿದದ್ದು ಬೆಳಕಿನಿಂದ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುನಡುವೆ ತೆಳ್ಳನೆಯ ಕಪ್ಪು ಗೆರೆಗಳು ಕಾಣುತ್ತವೆ. ಕಬ್ಬಿಣದಂಥ ಧಾತುಗಳು ಬೆಳಕನ್ನು ಹೀರಿಕೊಂಡ ಗುರುತು ಅವು. ನಕ್ಷತ್ರ ನಮ್ಮ ಕಡೆ ಬರುವಾಗ ಗೆರೆಗಳು ನೀಲಿಯತ್ತ, ದೂರ ಹೋಗುವಾಗ ಕೆಂಪಿನತ್ತ ಸರಿಯುತ್ತವೆ. ಇಲ್ಲಿ ಆ ಸರಿತ ಸುಮಾರು ಅರ್ಧ ಕೋಟಿಯಲ್ಲಿ ಒಂದು ಪಾಲು ಮಾತ್ರ. ಒಂದು ಗೆರೆ ನೋಡಿದರೆ ಏನೂ ತಿಳಿಯದು. ಸಾವಿರಾರು ಗೆರೆಗಳನ್ನು ಒಟ್ಟಿಗೆ ಹೋಲಿಸಬೇಕು. ನನಗಂತೂ ಇದು ಮನುಷ್ಯ ಮಾಡಿದ ಅತ್ಯಂತ ಚೆಂದದ ಅಳತೆಗಳಲ್ಲೊಂದು.

ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಹೀಗೆ ಅಳೆದರು. ನಕ್ಷತ್ರ ಸೆಕೆಂಡಿಗೆ 50 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಎರಡು ದಿನ ನಮ್ಮತ್ತ ಬಂದು, ಎರಡು ದಿನ ಹಿಂದೆ ಸರಿಯುತ್ತಿತ್ತು. ಅಂದರೆ ಗ್ರಹದ ಒಂದು ವರ್ಷ ಬರೀ 4.2 ದಿನ. 1995ರ ಅಕ್ಟೋಬರಿನಲ್ಲಿ ಅವರು ಇದನ್ನು ಪ್ರಕಟಿಸಿದಾಗ ಎಲ್ಲರೂ ಬೆರಗಾದರು. ಗುರುಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 12 ವರ್ಷ ಬೇಕು. ದೊಡ್ಡ ಗ್ರಹಗಳೆಲ್ಲ ಹೀಗೇ ನಿಧಾನ ಎಂಬ ನಂಬಿಕೆ ಗಟ್ಟಿಯಾಗಿತ್ತು. ದೊಡ್ಡ ಗ್ರಹಗಳು ನಕ್ಷತ್ರದ ತೀರಾ ಹತ್ತಿರವೂ ಇರಬಹುದು, ಹುಡುಕಿ ನೋಡಿ ಎಂದು ಖಗೋಳ ವಿಜ್ಞಾನಿ ಆಟೋ ಸ್ಟ್ರೂವ 1952ರಲ್ಲೇ ಬರೆದಿದ್ದರು. ಆ ಮಾತಿಗೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ.

ಅಮೆರಿಕದ ಲಿಕ್ ವೀಕ್ಷಣಾಲಯದವರು ಕೆಲವೇ ದಿನಗಳಲ್ಲಿ ಅದೇ ಓಲಾಟವನ್ನು ಕಂಡರು. ನಕ್ಷತ್ರದ ಮೈಯೇ ಮಿಡಿಯುತ್ತಿರಬಹುದು ಎಂಬ ಅನುಮಾನ ಆಮೇಲೆ ಬಂತು. ಹಾಗಿದ್ದರೆ ಗೆರೆಗಳ ಆಕಾರವೂ ಬದಲಾಗಬೇಕಿತ್ತು, ಬದಲಾಗಲಿಲ್ಲ. 2019ರಲ್ಲಿ ಮೇಯರ್ ಮತ್ತು ಕೆಲೊ ಅವರಿಗೆ ನೊಬೆಲ್ ಬಂತು.

ಈ ವಿಧಾನದಲ್ಲಿ ಒಂದು ಮಿತಿ ಇದೆ. ಗ್ರಹದ ಪಥ ನಮ್ಮ ಕಡೆಗೆ ಎಷ್ಟು ವಾಲಿದೆ ಎಂದು ಗೆರೆಗಳು ಹೇಳುವುದಿಲ್ಲ. ನಮ್ಮತ್ತ ಬರುವ, ದೂರ ಹೋಗುವ ಓಲಾಟವಷ್ಟೇ ಗೆರೆಗಳಲ್ಲಿ ಕಾಣುವುದರಿಂದ ನಿಜವಾದ ಓಲಾಟ ಇನ್ನೂ ದೊಡ್ಡದಿರಬಹುದು. ಅದಕ್ಕೇ ಈ ಗ್ರಹದ ತೂಕವನ್ನು 'ಗುರುವಿನ ಸುಮಾರು ಅರ್ಧದಷ್ಟಾದರೂ ಇದೆ' ಎಂದು ಹೇಳುತ್ತಾರೆ, 'ಇಷ್ಟೇ ಇದೆ' ಎಂದಲ್ಲ.